ನಲವತ್ತೇಳನೇ ಬಾವಿ

ನವಲಗುಂದ
ರವಿವಾರ, 14-5-1978

ಚಿ. ಸೌ. ಶಿವಗಂಗಾಳಿಗೆ ಅಪ್ಪನ ಆಶೀರ್ವಾದಗಳು.

ಇಲ್ಲಿ ನಾನು ಆರಾಮ ಇದ್ದೇನೆ. ಅಲ್ಲಿ ನೀನು, ಅಳಿಯಂದಿರು, ನಿಮ್ಮ ಅತ್ತೆ ಮಹಾದೇವಕ್ಕನವರು, ಕೂಸು ಎಲ್ಲರೂ ಆರಾಮ ಇದ್ದೀರೆಂದು ನಂಬಿದ್ದೇನೆ ಅಂತ ಬರೆಯುವುದು ರೂಢಿ. ಆದರೆ ಅಳಿಯಂದಿರ ಕಾರ್ಡು ಬುಧವಾರವೇ ಬಂದು ತಲುಪಿರುವುದರಿಂದ ಆ ಸಾಲು ಬರೆಯಲು ಕೈ ಏಳುತ್ತಿಲ್ಲ. ಶಂಭುಲಿಂಗಪ್ಪನವರದು ಮೊದಲೇ ಎಣಿಸಿ ಮಾತಾಡುವ ಸ್ವಭಾವ, ಕಾರ್ಡಿನಲ್ಲೂ ಐದೇ ಸಾಲು. ನಿಮ್ಮ ಓಣಿಯಲ್ಲಿ ಕೊರೆದ ಬೋರಿಗೆ ಜನ ‘ಬೀಗರ ಬೋರು’ ಎಂದು ಹೆಸರಿಟ್ಟಿದ್ದಾರಂತೆ. ಹೆಂಗಸರ ಕೊಂಕು ಮಾತು ತಾಳಲಾರದೆ ನೀನು ಗೆಳತಿಯರ ಜೊತೆ ಕೆರೆಗೆ ಹೋಗುವುದನ್ನು ಬಿಟ್ಟು, ಮಟಮಟ ಮಧ್ಯಾಹ್ನ ಒಬ್ಬಳೇ ಹೋಗಿ ಬರುತ್ತೀಯಂತೆ. ಈ ಬಿಸಿಲಿನಲ್ಲಿ ಎರಡು ಮೈಲು ಖಾಲಿ ಕೊಡ, ಎರಡು ಮೈಲು ತುಂಬಿದ ಕೊಡ. ಓದಿ ಕಾರ್ಡನ್ನು ಜೇಬಿನಲ್ಲಿ ಇಟ್ಟುಕೊಂಡೆ, ಇನ್ನೂ ತೆಗೆದಿಟ್ಟಿಲ್ಲ.

ಬೋರು ಕೊರೆದು ಇಂದಿಗೆ ಇಪ್ಪತ್ನಾಲ್ಕು ದಿನವಾಯಿತು. ಅಂದು ನಿನ್ನ ಜೊತೆ ಒಂದು ಮಾತೂ ಆಡದೆ ಜೀಪು ಹತ್ತಿ ಬಂದುಬಿಟ್ಟೆ. ಬಸ್ಸಿನಲ್ಲಿ ಕೂತರೆ ಒಂದು ತಾಸಿನ ಹಾದಿ, ಬಂದು ಹೇಳಬಹುದಿತ್ತು. ಎರಡು ಸಲ ಸ್ಟ್ಯಾಂಡಿನ ತನಕ ಹೋಗಿ ತಿರುಗಿ ಬಂದೆ. ಮೂರು ಸಲ ಪತ್ರ ಶುರು ಮಾಡಿ ಹರಿದೆ. ತಡವಾದದ್ದಕ್ಕೆ ಅಪ್ಪನನ್ನು ಬೈಯಬೇಕೆನ್ನಿಸಿದರೆ ಬೈದುಬಿಡು, ಆದರೆ ಪತ್ರವನ್ನು ಕೊನೆಯವರೆಗೆ ಓದು. ತಪ್ಪು ಎಲ್ಲಿ ಆಯಿತು, ಯಾರದು ಎಂಬುದನ್ನು ನಿನಗೆ ಬಿಡಿಸಿ ಹೇಳಬೇಕಾಗಿದೆ. ಜನ ಆಡುವ ಮಾತಿನಲ್ಲಿ ನಿನ್ನ ಪಾಲು ಏನೂ ಇಲ್ಲ.

ಹೋದ ವರ್ಷ ನಮ್ಮ ಕಚೇರಿಗೆ ಇಮಾಮಹುಸೇನ ಸಾಹೇಬರು ಬಂದರಲ್ಲ, ನಿನಗೆ ಹೇಳಿದ್ದೆ. ಹುಬ್ಬಳ್ಳಿಯವರು, ಭೂಗರ್ಭಶಾಸ್ತ್ರ ಓದಿದವರು, ವಯಸ್ಸಿನಲ್ಲಿ ನಿನಗಿಂತ ಎರಡು ವರ್ಷಕ್ಕೆ ದೊಡ್ಡವರು ಅಷ್ಟೆ. ತರಬೇತಿಗೆ ಹೋದವರು ಬರುವಾಗ ಸೈಕ್ಲೋಸ್ಟೈಲ್ ಮಾಡಿದ ಹಾಳೆಗಳ ಒಂದು ಕಟ್ಟು ತಂದರು. ಅಳೆದ ಜಾಗಗಳನ್ನು ಇಟ್ಟುಕೊಂಡು, ಅಳೆಯದ ಜಾಗದಲ್ಲಿ ಏನಿರಬಹುದು ಎಂದು ಲೆಕ್ಕ ಹಾಕಿ ಹೇಳುವ ವಿದ್ಯೆ ಅದರಲ್ಲಿತ್ತು. ಜಿಯೋಸ್ಟ್ಯಾಟಿಸ್ಟಿಕ್ಸ್ ಎಂದು ಹೆಸರು. ನನ್ನ ಬಾಯಲ್ಲಿ ಆ ಹೆಸರು ತಿರುಗುವುದಕ್ಕೇ ಎಂಟು ದಿನ ಬೇಕಾಯಿತು. ದೂರ ದೇಶದ ಬಂಗಾರದ ಗಣಿಯವರು ಹುಡುಕಿದ್ದಂತೆ, ಉದಾಹರಣೆಗಳೆಲ್ಲ ಗಣಿಯವೇ. ನಾನು ಎರಡು ವಾರ ಆ ಗಣಿ ಲೆಕ್ಕ ಹಿಡಿದು ಒದ್ದಾಡಿದೆ. ಉತ್ತರ ಸರಿ ಬರುತ್ತಿತ್ತು, ತಲೆಗೆ ಮಾತ್ರ ಏನೂ ಹತ್ತುತ್ತಿರಲಿಲ್ಲ.

ಸಾಹೇಬರು ನೋಡಿ ನಕ್ಕರು. “ಆ ಗಣಿ ಬಿಡ್ರಿ ಮಡಿವಾಳೆಪ್ಪನವರ. ಅದು ಯಾರದೋ ಬಂಗಾರ. ನಿಮ್ಮ ಬಾವಿ ತಗೊಂಡು ಮಾಡ್ರಿ. ತಾ ಅಳದ ಅಂಕಿ ಹಿಡಕೊಂಡು ಕುಂತವಗ ಈ ವಿದ್ಯಾ ತಿಳಿತೈತಿ” ಎಂದರು.

ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತಾಗಿತ್ತು ನನ್ನ ಸ್ಥಿತಿ. ಈ ತಾಲೂಕಿನ ಬಾವಿಗಳ ಬಾಯಿಗೆ ಬಗ್ಗಿ ನೋಡುತ್ತಲೇ ನನ್ನ ತಲೆ ಬೆಳ್ಳಗಾಗಿದೆ. ಕುಡಿಯುವ ನೀರಿನ ಬೋರು ಎಲ್ಲಿ ಕೊರೆಯಬೇಕು ಎಂದು ಈ ವಿದ್ಯೆಯಿಂದ ಗೊತ್ತಾದರೆ, ನಾನು ನಿವೃತ್ತನಾಗುವುದರೊಳಗೆ ಒಂದು ಒಳ್ಳೆಯ ಕೆಲಸ ಮಾಡಿದಂತಾಗುತ್ತದೆ ಅನ್ನಿಸಿತು. ನಕಾಶೆ ಹರವಿಕೊಂಡು ಅರವತ್ಮೂರು ಬಾವಿ ಗುರುತು ಹಾಕಿದೆವು. ನಿಮ್ಮ ಹಿತ್ತಲ ಬಾವಿಗೆ ನಲವತ್ತೇಳನೇ ನಂಬರು ಬಂತು.

ನಮೂನೆ ತೆಗೆಯುವುದಕ್ಕೆ ಸಾಹೇಬರು ಹಾಕಿಕೊಟ್ಟ ನೇಮ ಬಹಳ ಕಟ್ಟುನಿಟ್ಟು. ಮೊದಲು ಹತ್ತು ಕೊಡ ಸೇದಿ ಚೆಲ್ಲಬೇಕು, ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆಯಬೇಕು, ಆಮೇಲೆ ತುಂಬಬೇಕು. ಸೇದುವವನು ಕಚೇರಿಯ ಮನುಷ್ಯನೇ ಆಗಿರಬೇಕು. ಅರವತ್ತೆರಡು ಬಾವಿಗಳಲ್ಲಿ ನಾನೇ ಸೇದಿದೆ. ಅಂಗೈ ನೋಡಿದವರು ಇವನೇನು ಕಲ್ಲು ಒಡೆಯುತ್ತಾನೋ ಅನ್ನಬೇಕು, ಹಾಗಾಗಿತ್ತು.

ನಿಮ್ಮ ಮನೆಗೆ ಬಂದದ್ದು ನವೆಂಬರ್ ಹದಿನೇಳಕ್ಕೆ, ನೆನಪಿರಬೇಕು. ಬೆಲ್ಲ, ನೀರು ಆಯಿತು, ರೊಟ್ಟಿ ಊಟ ಆಯಿತು. ಬಾಟಲಿ ಹಿಡಿದು ಹಿತ್ತಲಿಗೆ ಎದ್ದೆ. ಮಹಾದೇವಕ್ಕನವರು ಅಡ್ಡ ಬಂದರು. “ಕುಂದರ್ರಿ ಬೀಗರ. ಹೆಣ್ಣ ಕೊಟ್ಟವರು ನಮ್ಮ ಹಿತ್ತಲದಾಗ ಹಗ್ಗ ಜಗ್ಗತೀರೇನ್ರಿ? ಬಾಜುಕಿನ ಮನಿಯವರು ನೋಡಿದ್ರ ನನಗ ಉಗಳತಾರ” ಎಂದರು. ನನಗೂ ಅದು ಸರಿಯೆನ್ನಿಸಿತು. ಮಗಳನ್ನು ಕೊಟ್ಟ ಮನೆಯಲ್ಲಿ ಬಾವಿ ಸೇದುತ್ತ ನಿಂತರೆ ಅವರಿಗೂ ಮಾನವಿಲ್ಲ, ನನಗೂ ಇಲ್ಲ. ನೇಮವನ್ನೆಲ್ಲ ನಿನಗೆ ವಿವರಿಸಿ, ಬಾಟಲಿ ಕೊಟ್ಟು, ಪಡಸಾಲೆಯಲ್ಲಿ ಕೂಸನ್ನು ಆಡಿಸುತ್ತ ಕೂತೆ. ನೀನು ತುಂಬಿಕೊಂಡು ಬಂದು, ಸೆರಗಿನಿಂದ ಒರೆಸಿ ಕೊಟ್ಟೆ. ಚೀಟಿ ಅಂಟಿಸಿ ನಂಬರು ಬರೆದೆ, ‘ಸೇದಿದವರು’ ಎಂಬಲ್ಲಿ ನನ್ನ ಹೆಸರು ಬರೆದೆ. ಅದು ಮೊದಲ ಸುಳ್ಳು.

ಕಚೇರಿಯಲ್ಲಿ ನಾವು ನೀರಿನ ಉಪ್ಪನ್ನು ಒಂದು ಯಂತ್ರದಿಂದ ಅಳೆಯುತ್ತೇವೆ. ಮುಳ್ಳು ಒಂದೂವರೆ ಸಾವಿರದೊಳಗೆ ನಿಂತರೆ ಕುಡಿಯಬಹುದು. ಮೂರು ಸಾವಿರ ದಾಟಿದರೆ ಬೇಳೆ ಬೇಯುವುದಿಲ್ಲ, ಚಹಾ ಒಡೆಯುತ್ತದೆ. ನಿಮ್ಮ ಸುತ್ತಿನ ಬಾವಿಗಳೆಲ್ಲ ಮೂರೂವರೆ, ನಾಲ್ಕು ಸಾವಿರ. ನಲವತ್ತೇಳನೇ ಬಾಟಲಿ ಇಟ್ಟಾಗ ಮುಳ್ಳು ನಾನೂರ ಹತ್ತಕ್ಕೆ ನಿಂತಿತು. ಮತ್ತೊಮ್ಮೆ ಇಟ್ಟೆ, ಅಷ್ಟೇ ಬಂತು. ಖುಷಿಯಾಯಿತು ತಂಗಿ, ಎದ್ದು ಹೋಗಿ ಮಾಬುಸಾಬನಿಗೆ ಚಹಾ ಕುಡಿಸಿದೆ. ಮಾಬುಸಾಬ ನಮ್ಮ ಜೀಪಿನ ಡ್ರೈವರ, ನಿಮ್ಮ ಮನೆಯ ಹುಗ್ಗಿ ಉಂಡು ಇನ್ನೂ ಹೊಗಳುತ್ತಾನಲ್ಲ, ಅವನೇ.

ಆಮೇಲೆ ಲೆಕ್ಕ ಶುರುವಾಯಿತು. ನೀನು ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಯಲ್ಲಿ ಗಣಿತಕ್ಕೆ ತೊಂಬತ್ತು ತೆಗೆದವಳು, ನಿನಗೆ ಹೇಳದೆ ಯಾರಿಗೆ ಹೇಳಲಿ. ಅರವತ್ಮೂರು ಬಾವಿಗಳನ್ನು ಎರಡೆರಡರಂತೆ ಜೋಡಿಸಿದರೆ ಸಾವಿರದ ಒಂಬೈನೂರ ಐವತ್ಮೂರು ಜೋಡಿ ಆಗುತ್ತವೆ. ಒಂದೊಂದು ಜೋಡಿಗೂ ನಡುವಿನ ದೂರ ಎಷ್ಟು, ಉಪ್ಪಿನ ಅಂತರ ಎಷ್ಟು ಎಂದು ಬರೆಯಬೇಕು. ಮಾಬುಸಾಬ ನಕಾಶೆಯ ಮೇಲೆ ಪಟ್ಟಿ ಇಟ್ಟು ದೂರ ಓದುವುದು, ನಾನು ಲೆಕ್ಕದ ಕೈಯಂತ್ರದ ಹಿಡಿಕೆ ತಿರುಗಿಸುವುದು. “ಸಾವಿರದ ಒಂಬೈನೂರು ಜೋಡಿ ಅಂದ್ರ ನಾಕು ತಾಲೂಕಿನ ಲಗ್ನ ಆಗಿ ಹೋದ್ವಲ್ರಿ ಅಪ್ಪಾರ” ಎಂದು ಅವನ ಚೇಷ್ಟೆ. ಇಪ್ಪತ್ತಾರು ದಿನ ಹಿಡಿಯಿತು.

ಜೋಡಿಗಳನ್ನು ದೂರದ ಪ್ರಕಾರ ಗುಂಪು ಮಾಡಿ, ಸರಾಸರಿ ತೆಗೆದು, ಗ್ರಾಫ್ ಹಾಳೆಯ ಮೇಲೆ ಚುಕ್ಕೆ ಇಟ್ಟಾಗ ನಾನು ಕಂಡದ್ದನ್ನು ಹೇಗೆ ಹೇಳಲಿ. ಹತ್ತಿರದ ಬಾವಿಗಳಲ್ಲಿ ಅಂತರ ಕಡಿಮೆ, ದೂರ ಹೋದಂತೆ ಅಂತರ ಹೆಚ್ಚು, ಐದು ಮೈಲು ದಾಟಿದ ಮೇಲೆ ಗೆರೆ ಸಮನಾಗಿ ಮಲಗಿಬಿಡುತ್ತದೆ. ಬಾವಿಗಳಿಗೂ ಕಳ್ಳುಬಳ್ಳಿಯ ನಂಟು ಇದೆ, ಅದು ಐದು ಮೈಲಿಗೆ ಮುಗಿಯುತ್ತದೆ, ಅದರಾಚೆ ಒಂದಕ್ಕೊಂದು ಪರಕೀಯ. ಮೂವತ್ತು ವರ್ಷ ನಾನು ನೋಡಿದ್ದು ಬಿಡಿ ಬಿಡಿ ಬಾವಿ. ಅವುಗಳ ಸಂಬಂಧ ಕಣ್ಣಿಗೆ ಬಿದ್ದದ್ದು ಅಂದೇ. ಆ ದಿನ ಊಟ ಮಾಡುವುದನ್ನೂ ಮರೆತಿದ್ದೆ.

ಇನ್ನೂ ಒಂದು ತಮಾಷೆ ಕೇಳು. ಗೆರೆ ಸೊನ್ನೆಯಿಂದ ಶುರುವಾಗುವುದಿಲ್ಲ. ಮಗ್ಗುಲ ಮಗ್ಗುಲಿನ ಎರಡು ಬಾವಿಗಳಲ್ಲೂ ಒಂದಿಷ್ಟು ಅಂತರ ಇದ್ದೇ ಇರುತ್ತದೆ. ಯಾಕೆ ಎಂದು ಕೇಳಿದ್ದಕ್ಕೆ ಸಾಹೇಬರು, “ಸ್ವಲ್ಪ ನೆಲದ್ದು, ಸ್ವಲ್ಪ ನಮ್ಮ ಕೈದು. ಬಾಟ್ಲಿ ತುಂಬಿದವರ ಕೈ ಅದರಾಗ ಇರತೈತಿ” ಎಂದರು. ನಾನು ಹೌದ್ರಿ ಎಂದು ತಲೆಯಾಡಿಸಿ ಮುಂದಿನ ಹಾಳೆ ತಿರುವಿದೆ.

ಹೊಸ ಜಾಗದ ನೀರು ಅಂದಾಜು ಮಾಡುವಾಗ ಸುತ್ತಲಿನ ಬಾವಿಗಳ ಮಾತು ಕೇಳಬೇಕು. ಹತ್ತಿರದ್ದಕ್ಕೆ ಹೆಚ್ಚು ತೂಕ, ದೂರದ್ದಕ್ಕೆ ಕಡಿಮೆ. ಎರಡು ಬಾವಿ ಒಂದೇ ಕಡೆ ಒತ್ತಿಕೊಂಡಿದ್ದರೆ ಎರಡಕ್ಕೂ ಪೂರ್ತಿ ತೂಕವಿಲ್ಲ. ಒಂದೇ ಮನೆಯ ಅಣ್ಣತಮ್ಮಂದಿರು ಪಂಚರ ಮುಂದೆ ಸಾಕ್ಷಿ ಹೇಳಿದರೆ ಊರವರು ಅದನ್ನು ಎರಡು ಸಾಕ್ಷಿ ಎಂದು ಹಿಡಿಯುತ್ತಾರೆಯೇ, ಹಾಗೆ. ಕೊನೆಗೆ ಎರಡು ಅಂಕಿ ಬರುತ್ತವೆ. ಮೊದಲನೆಯದು ಅಂದಾಜು, ಎರಡನೆಯದು ಆ ಅಂದಾಜು ಎಷ್ಟು ತಪ್ಪಬಹುದು ಎನ್ನುವುದು. ನನಗೆ ಈ ಎರಡನೆಯ ಅಂಕಿಯ ಮೇಲೆ ಬಹಳ ಅಭಿಮಾನ ಬಂತು. ತನ್ನ ತಪ್ಪನ್ನು ತಾನೇ ಮುಂಚಿತವಾಗಿ ಒಪ್ಪಿಕೊಳ್ಳುವ ವಿದ್ಯೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಲೆಕ್ಕ ಸರಿಯಿದೆಯೋ ಇಲ್ಲವೋ ನೋಡಲು ಒಂದು ಪರೀಕ್ಷೆ ಇದೆ. ಒಂದು ಬಾವಿಯ ಅಂಕಿಯನ್ನು ಮುಚ್ಚಿಟ್ಟು, ಉಳಿದ ಬಾವಿಗಳಿಂದ ಅದನ್ನು ಅಂದಾಜು ಮಾಡಿ, ಆಮೇಲೆ ತೆರೆದು ನೋಡುವುದು. ಅರವತ್ತೆರಡು ಬಾವಿಗಳು ಹೆಚ್ಚುಕಡಿಮೆ ಸರಿಬಂದವು. ನಲವತ್ತೇಳು ಮಾತ್ರ ಬರಲಿಲ್ಲ. ನೆರೆಯ ಬಾವಿಗಳು ಅಲ್ಲಿ ಮೂರು ಸಾವಿರದ ಏಳುನೂರು ಇರಬೇಕು ಎಂದವು. ಬಾಟಲಿ ಹೇಳಿದ್ದು ನಾನೂರ ಹತ್ತು.

ಸಾಹೇಬರು ಹಾಳೆಯ ಮೇಲೆ ಬೆರಳಿಟ್ಟರು. “ಇದ್ಯಾಕೋ ಒಬ್ಬಂಟಿ ನಿಂತೈತಿ ನೋಡ್ರಿ. ಇನ್ನೊಂದು ಬಾಟ್ಲಿ ತಗೊಂಡು ಬರ್ರಿ.”

“ಅದು ನನ್ನ ಮಗಳ ಮನಿ ಬಾವಿ ಸಾಹೇಬರ. ನಾನ ಸೇದೀನಿ” ಎಂದೆ.

“ನೀವ ಸೇದಿದ್ರ ಮಾತ ಮುಗೀತು” ಎಂದು ಅವರು ಸಹಿ ಹಾಕಿದರು. ಮಗನ ವಯಸ್ಸಿನ ಮನುಷ್ಯ ನನ್ನ ಬಿಳಿ ತಲೆಗೆ ಮರ್ಯಾದೆ ಕೊಟ್ಟು ಸಹಿ ಹಾಕಿದರು. ಅದು ಎರಡನೇ ಸುಳ್ಳು.

ನಕಾಶೆಯಲ್ಲಿ ನಿಮ್ಮ ಓಣಿಯ ಸುತ್ತ ಸೀ ನೀರಿನ ಒಂದು ದುಂಡು ಮಚ್ಚೆ ಮೂಡಿತು. ನನ್ನ ಕೈಯಿಂದಲೇ ಅದಕ್ಕೆ ನೀಲಿ ಬಣ್ಣ ಹಚ್ಚಿದೆ. ನಿಮ್ಮ ಮನೆಯಿಂದ ನಲವತ್ತು ಹೆಜ್ಜೆಗೆ ಬೋರು ಬಿದ್ದರೆ ನನ್ನ ಮಗಳು ಇನ್ನು ಕೆರೆಗೆ ಹೋಗಬೇಕಾಗಿಲ್ಲ ಎಂದು, ಬಣ್ಣ ಹಚ್ಚುವಾಗ ಮನಸ್ಸಿನಲ್ಲಿ ಅದೇ ಒಂದು ಮಾತು. ಎರಡನೇ ಅಂಕಿಯನ್ನು ಆ ದಿನ ನಾನು ನೋಡಲೇ ಇಲ್ಲ.

ಏಪ್ರಿಲ್ ಇಪ್ಪತ್ತಕ್ಕೆ ಕೊರೆಯುವ ಯಂತ್ರ ಬಂತು. ಮೇಲಿನ ನೀರು ಸವಳಾದರೂ ತಳದಲ್ಲಿ ಸೀ ಇರಬಹುದು, ಯಂತ್ರದವರಿಗೆ ಗೊತ್ತಿಲ್ಲದೆ ಬಂದಾರೆಯೇ ಎಂದು ನಿಮ್ಮೂರ ಜನ ನಂಬಿದರು. ಕಾಯಿ ಒಡೆದರು. ನೂರ ಎಪ್ಪತ್ತು ಫೂಟಿಗೆ ನೀರು ಚಿಮ್ಮಿತು, ಎಲ್ಲರೂ ಹೋ ಎಂದರು. ಹಿರಿಯರೆಂದು ಕರಿಸಿದ್ದಪ್ಪನವರ ಕೈಗೆ ಮೊದಲ ತಂಬಿಗೆ ಕೊಟ್ಟರು. ಅವರು ಬಾಯಿಗೆ ಹಾಕಿಕೊಂಡು, ಒಂದು ಕ್ಷಣ ಹಾಗೆಯೇ ನಿಂತು, ಉಗುಳಿದರು. “ನೆಲಕ್ಕೇನ ಗೊತ್ತ, ಯಾರ ಮಗಳ ಓಣಿ ಅಂತ” ಎಂದರು. ಕೂಗಿ ಹೇಳಲಿಲ್ಲ, ಆದರೂ ಎಲ್ಲರಿಗೂ ಕೇಳಿಸಿತು.

ಆಗ ನೀನು ಗುಂಪಿನಿಂದ ಬಂದೆ. ನೆಲದ ಮೇಲಿನ ತಂಬಿಗೆ ಎತ್ತಿ, ತುಂಬಿ, ನಿಂತಲ್ಲೇ ಪೂರಾ ಕುಡಿದೆ. “ದನಕ್ಕ ಆಗತೈತಿ, ಅರಬಿ ಒಗಿಯಾಕ ಆಗತೈತಿ. ಅಷ್ಟೇನ ಕೆಟ್ಟಿಲ್ಲ” ಎಂದೆ. ಆಮೇಲೆ ಯಂತ್ರದವನು ಉಪ್ಪು ಅಳೆಯುವ ಯಂತ್ರ ಇಟ್ಟು ನೋಡಿದ, ನಾಲ್ಕು ಸಾವಿರದ ಮುನ್ನೂರು. ಅಂಥ ನೀರನ್ನು ತಂಬಿಗೆ ತುಂಬ ಕುಡಿಯುವುದು ಸುಲಭವಲ್ಲ. ನನಗಾಗಿ ಕುಡಿದೆ ಎಂದು ಗೊತ್ತು. ನಿನ್ನ ಮುಖ ನೋಡಲಾರದೆ ನೆಲ ನೋಡುತ್ತ ನಿಂತೆ.

ಜೀಪು ಹತ್ತುವ ಮೊದಲು ಮಹಾದೇವಕ್ಕನವರು ಪಡಸಾಲೆಗೆ ಕರೆದರು. ನೀನು ಅಲ್ಲಿರಲಿಲ್ಲ. ಬಂದವನ ಮರ್ಯಾದೆಗೆಂದು ಬೆಲ್ಲ, ನೀರು ಇಟ್ಟು, “ಬೀಗರ, ಯಾವ ಲೆಕ್ಕದ ಮ್ಯಾಲ ಇಲ್ಲಿ ಸೀ ನೀರು ಐತಿ ಅಂದ್ರಿ? ನಮ್ಮ ಹಿತ್ತಲ ಬಾವಿ ನಾ ಲಗ್ನ ಆಗಿ ಬಂದಾಗಿಂದ ಸವಳ ಐತ್ರಿ” ಎಂದರು.

“ಬಾಟ್ಲ್ಯಾಗ ಸೀ ನೀರು ಬಂದಿತ್ತಲ್ರಿ ಅಕ್ಕಾರ.”

“ಅದು ಕೆರಿ ನೀರ್ರಿ. ನಾನ ಹಾಕಿಸಿದ್ನಿ. ಅಕಿ ಬಾವಿ ನೀರ ಸೇದಿದ್ಳು, ನಾನ ಚೆಲ್ಲಂದ್ನಿ. ಅಣ್ಣಿಗೇರಿ ಪ್ಯಾಟಿಗೆ ಹತ್ತಿ ಅರಳಿ ನಮೂನಿ ಒಯ್ಯುವಾಗ ಬೆಳ್ಳನ್ನ ಅರಳಿ ಆರಿಸಿ ಕಟ್ಟಿಕೊಂಡ ಹೋಗತೀವಿ. ಹೊಲಸು ಅರಳಿ ಯಾರರ ತೋರಸ್ತಾರೇನ್ರಿ? ಈ ನಮೂನಿ ಸರಕಾರದವರು ನೋಡ್ತಾರ ಅಂದ್ರಿ. ಮಗಳ ಮನಿ ನೀರ ಸವಳು ಅಂತ ಬಂದ್ರ ಕಚೇರ್ಯಾಗ ನಿಮಗ ಸಣ್ಣತನ ಅಲ್ಲೇನ್ರಿ?”

ಅವರ ಮುಖದಲ್ಲಿ ಕಪಟವಿರಲಿಲ್ಲ. ನನ್ನ ಮಾನ ಉಳಿಸಲು, ನೀನು ಎರಡು ಮೈಲು ಹೊತ್ತು ತಂದ ನೀರಿನಲ್ಲಿ ಒಂದು ಬಾಟಲಿ ತುಂಬಿಸಿ ಕೊಟ್ಟಿದ್ದರು. ಅತ್ತೆ ಹೇಳಿದ ಮೇಲೆ ನೀನಾದರೂ ಏನು ಮಾಡಬೇಕಿತ್ತು. ಮಹಾದೇವಕ್ಕನವರ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ, ಇದನ್ನು ಅವರಿಗೆ ಓದಿ ಹೇಳು. ನಮೂನೆ ಎಂದರೆ ಇದ್ದದ್ದರಲ್ಲಿ ಒಳ್ಳೆಯದನ್ನು ತೋರಿಸುವುದು ಎಂದು ಪೇಟೆ ಕಲಿಸಿದೆ, ಇದ್ದದ್ದನ್ನು ಇದ್ದ ಹಾಗೆ ಕೊಡಬೇಕು ಎಂದು ನಾನು ಕಲಿಸಬೇಕಾಗಿತ್ತು. ಅದಕ್ಕೆ ಸಂಬಳ ತೆಗೆದುಕೊಳ್ಳುವವನು ನಾನು. ಕಲಿಸುವುದಿರಲಿ, ಎದ್ದು ಹಿತ್ತಲಿಗೆ ಕೂಡ ಹೋಗಲಿಲ್ಲ.

ಇಷ್ಟು ವರ್ಷ ಬಂದು ಹೋಗುವ ನಿಮಗೆ ಬಾವಿ ಸವಳೆಂದು ಗೊತ್ತಿರಲಿಲ್ಲವೇ ಎಂದು ಮನೆಯಲ್ಲಿ ಕೇಳಬಹುದು. ಬೀಗರ ಮನೆಗೆ ಬಂದವನಿಗೆ ಯಾವಾಗಲೂ ಸೀ ನೀರೇ ಸಿಕ್ಕಿದೆ.

ಕಚೇರಿಗೆ ಬಂದು ಮೊದಲ ಎರಡು ದಿನ ಯಂತ್ರ ಸರಿಯಿಲ್ಲ, ಲೆಕ್ಕ ಸರಿಯಿಲ್ಲ, ಗಣಿಯವರ ವಿದ್ಯೆ ನಮ್ಮ ಎರೆಭೂಮಿಗೆ ಒಗ್ಗುವುದಿಲ್ಲ ಎಂದು ಗೊಣಗಿದೆ. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ಮೂರನೇ ದಿನ ಇಮಾಮಹುಸೇನ ಸಾಹೇಬರ ಮುಂದೆ ನಿಂತು, ಬಾಟಲಿ ನಾನು ತುಂಬಲಿಲ್ಲ, ನಿಮಗೆ ಸುಳ್ಳು ಹೇಳಿದೆ ಎಂದೆ. ಅವರು ತಾವು ಸಹಿ ಹಾಕಿದ ಹಾಳೆಯನ್ನು ಹುಡುಕಿ ಮುಂದಿಟ್ಟುಕೊಂಡರು.

“ಬಾಟ್ಲಿ ಅದಲುಬದಲು ಆತು ಅಂತ ಒಂದು ಸಾಲ ಬರೀರಿ, ಸಾಕು. ಅದು ಆಗತಿರತೈತಿ. ನಿಮಗ ರಿಟೈರ್ ಆಗಾಕ ಹದಿನಾಕು ತಿಂಗಳು ಉಳದಾವ” ಎಂದರು.

“ಹಾಂಗ ಬರದ್ರ, ಮಗಳ ಓಣಿಗೆ ಬೋರ ಎಳಕೊಂಡು ಬಂದ ಅನ್ನೂ ಮಾತ ಹಾಂಗ ಉಳಿತೈತ್ರಿ. ಅಕಿ ಅದನ್ನ ಹೊತಕೊಂಡ ಅಡ್ಯಾಡಬೇಕಾಗತೈತಿ.”

ಇದ್ದದ್ದನ್ನು ಬರೆದೆ. ಬಾಟಲಿಯನ್ನು ನಾನು ತುಂಬಲಿಲ್ಲ, ತುಂಬಿದೆ ಎಂದು ಬರೆದದ್ದು ಸುಳ್ಳು, ಬೋರು ತಪ್ಪು ಜಾಗದಲ್ಲಿ ಬಿದ್ದದ್ದಕ್ಕೆ ನಾನೊಬ್ಬನೇ ಹೊಣೆ. ಯಾರು ತುಂಬಿದರು ಎಂಬುದನ್ನು ಬರೆಯಲಿಲ್ಲ, ಯಾರೂ ಕೇಳಲಿಲ್ಲ. ಮೇಲಿನವರಿಂದ ಮೆಮೊ ಬಂದಿದೆ. ಏನು ಮಾಡುತ್ತಾರೋ ಮಾಡಲಿ, ಆ ಬಗ್ಗೆ ನೀನು ಚಿಂತಿಸಬೇಡ, ರೊಟ್ಟಿಗೆ ಕೊರತೆಯಾಗುವುದಿಲ್ಲ.

ಈಗ ಒಳ್ಳೆಯ ಸುದ್ದಿ. ತಪ್ಪಿದ ಬೋರಿಗೆ ಬದಲಾಗಿ ನಿಮ್ಮ ತಿರ್ಲಾಪುರಕ್ಕೇ ಇನ್ನೊಂದು ಕೊರೆಯಲು ಸಾಹೇಬರು ಹೋರಾಡಿ ಮಂಜೂರು ಮಾಡಿಸಿದ್ದಾರೆ. ನಲವತ್ತೇಳನ್ನು ಸರಿಪಡಿಸಿ, ನಿಮ್ಮೂರ ಸುತ್ತಲಿನ ಏಳು ಬಾವಿಗಳನ್ನು ಮತ್ತೆ ನನ್ನ ಕೈಯಿಂದ ಸೇದಿ, ಲೆಕ್ಕ ಹೊಸದಾಗಿ ಹಾಕಿದೆ. ನೀಲಿ ಮಚ್ಚೆ ನಿಮ್ಮ ಓಣಿಯಿಂದ ಅಳಿಸಿಹೋಗಿ, ಹಳ್ಳದ ದಂಡೆಗೆ, ಶಾಲೆಯ ಹಿಂದೆ, ಸಣ್ಣದಾಗಿ ಮೂಡಿತು. ನಿಮ್ಮ ಮನೆಯಿಂದ ಅರ್ಧ ಮೈಲು. ಸಾವಿರದ ಇನ್ನೂರೈವತ್ತು ಇರಬಹುದು, ಐನೂರು ಹೆಚ್ಚುಕಡಿಮೆ ತಪ್ಪಬಹುದು. ಈ ಸಲ ಎರಡೂ ಅಂಕಿಗಳನ್ನು ಒಂದೇ ಗಾತ್ರದ ಅಕ್ಷರದಲ್ಲಿ ಬರೆದಿದ್ದೇನೆ. ಇದೇ ಇಪ್ಪತ್ತೇಳಕ್ಕೆ ಯಂತ್ರ ಬರುತ್ತದೆ. ಯಂತ್ರ ಇಳಿಯುವ ಮೊದಲು ಕರಿಸಿದ್ದಪ್ಪನವರ ಮುಂದೆ, ಕೂಡಿದ ಜನರ ಮುಂದೆ, ತಪ್ಪು ನನ್ನದು ಎಂದು ಬಾಯಿಬಿಟ್ಟು ಹೇಳುತ್ತೇನೆ. ನೀರು ಸೀ ಬಂದರೂ ಹೇಳುವವನೇ, ಸವಳು ಬಂದರೂ ಹೇಳುವವನೇ. ನೀನು ಅಂದು ಮನೆಯಲ್ಲಿ ಕೂಡಬೇಡ, ಹೆಂಗಸರ ನಡುವೆ ಬಂದು ನಿಲ್ಲು.

ಅಲ್ಲಿಯತನಕ ಮಧ್ಯಾಹ್ನ ಕೆರೆಗೆ ಹೋಗಬೇಡ ತಂಗಿ. ಮುಂಜಾನೆ ಎಲ್ಲರ ಜೊತೆ ಹೋಗು, ಅಂದವರು ಅನ್ನಲಿ. ಕೂಸಿಗೆ ನೆಗಡಿ ಎಂದು ಬರೆದಿದ್ದರು, ಅಜವಾನದ ಹೊಗೆ ಕೊಡು. ಮಲೆನಾಡ ಸೆರಗಿನ ನಮ್ಮ ತಂಬೂರಿನ ಹೊಲಕ್ಕೆ ಭತ್ತದ ಬೀಜ ತರಿಸಿದ್ದೇನೆ, ಮಳೆ ಹಿಡಿದ ಮೇಲೆ ಎಂಟು ದಿನ ತವರಿಗೆ ಬಾ. ಅಳಿಯಂದಿರಿಗೂ ಮಹಾದೇವಕ್ಕನವರಿಗೂ ನನ್ನ ಶರಣು ತಿಳಿಸು, ಈ ಪತ್ರವನ್ನು ಇಬ್ಬರಿಗೂ ಓದಿ ಹೇಳು. ಶಿವ ನಿಮ್ಮ ಮನೆಯನ್ನು ತಂಪಾಗಿ ಇಟ್ಟಿರಲಿ.

ನಿನ್ನ ಅಪ್ಪ,
ಮಡಿವಾಳೆಪ್ಪ

ತಾ. ಕ. : ಈ ಹಾಳೆಯನ್ನು ಬೇರೆಯಾಗಿ ಮಡಿಚಿ ಇಟ್ಟಿದ್ದೇನೆ. ಇದನ್ನು ಯಾರಿಗೂ ಓದಿ ಹೇಳಬೇಡ, ಇದು ನಿನಗೊಬ್ಬಳಿಗೆ.

ನೆರೆಯ ಬಾವಿಗಳೆಲ್ಲ ಬೇರೆ ಹೇಳುತ್ತಿದ್ದರೂ ಆ ಬಾಟಲಿಯನ್ನು ಹ್ಯಾಂಗ ನಂಬಿದ್ರಿ ಎಂದು ಸಾಹೇಬರು ಕೇಳಿದರು. ಮಗಳ ಮೇಲಿನ ಮಾಯೆ ಎಂದೆ. ಅವರು ಒಪ್ಪಿಕೊಂಡರು. ಅದು ಅರ್ಧ ಸತ್ಯ.

ನಿನ್ನ ಲಗ್ನದ ಮಾತಿಗೆ ನಾನು ಮೊದಲ ಸಲ ತಿರ್ಲಾಪುರಕ್ಕೆ ಹೊರಟಾಗ ನಿನ್ನ ಅವ್ವ ಹೊಸ್ತಿಲಲ್ಲಿ ನಿಂತು, “ಹೊಲ ಎಷ್ಟರ ಇರಲಿ, ನೀರ ನೋಡಿ ಬರ್ರಿ. ಸವಳು ನೀರಿನ ಊರಿಗೆ ನನ್ನ ಮಗಳನ್ನ ಕೊಡಬ್ಯಾಡ್ರಿ” ಎಂದಿದ್ದಳು. ನಾನು ನೋಡಿದೆ. ಬೀಗರು ದನ ಕಟ್ಟಲು ಹೋದಾಗ, ಕೈಕಾಲು ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ, ನಾನೇ ಸೇದಿ, ಬಾಟಲಿ ತುಂಬಿಕೊಂಡು ಬಂದು ಅಳೆದೆ. ನಾಲ್ಕು ಸಾವಿರದ ನೂರು. ಹುಡುಗ ಒಳ್ಳೆಯವನು, ಮನೆತನ ಒಳ್ಳೆಯದು, ನಾನು ಆಗಲೇ ಮಾತು ಕೊಟ್ಟಾಗಿತ್ತು. ಅವ್ವನಿಗೆ ನೀರು ಚೊಲೋ ಐತಿ ಎಂದೆ. ನೀರಿನ ಕಚೇರಿಯ ಗಂಡನ ಮಾತು, ರೇವವ್ವ ನಂಬಿದಳು.

ಆಮೇಲೆ ಅವಳು ನಿನ್ನ ಮನೆಗೆ ಬಂದಾಗಲೆಲ್ಲ ನೀನು ಕೆರೆಯ ನೀರನ್ನೇ ಕೊಟ್ಟೆ, ಸ್ನಾನಕ್ಕೂ ಅದನ್ನೇ ಕಾಸಿದೆ. ನಾಲ್ಕು ದಿನ ಇದ್ದರೆ ನಾಲ್ಕು ದಿನ ಹೊತ್ತೆ. “ನೀವು ಹೇಳಿದ್ದ ಖರೆ, ಅಲ್ಲಿ ನೀರ ಅಗದಿ ಚೊಲೋ ಐತಿ” ಎಂದು ಪ್ರತಿ ಸಲ ಬಂದು ಹೇಳುತ್ತಿದ್ದಳು. ಅವ್ವ ನೊಂದುಕೊಳ್ಳಬಾರದೆಂದು ನೀನು ಮುಚ್ಚಿಟ್ಟೆ. ನೀನು ಮುಚ್ಚಿಡುತ್ತಿದ್ದೀಯೆಂದು ನನಗೆ ಗೊತ್ತಿತ್ತು, ನಾನೂ ಸುಮ್ಮನಿದ್ದೆ. ಅವಳು ಅದನ್ನು ನಂಬಿಯೇ ಸತ್ತಳು.

ಆ ಅಂಕಿ ನನ್ನ ಹಳೆಯ ಡೈರಿಯಲ್ಲಿ ಇತ್ತು. ಹಿಂದೆ ಅಳೆದಿದ್ದ ಬೇರೆ ಹನ್ನೊಂದು ಬಾವಿಗಳಿಗೆ ಪಟ್ಟಿಯಲ್ಲಿ ಹೊಸ ಅಂಕಿಯ ಜೊತೆ ಹಳೆಯದನ್ನೂ ಬರೆದಿದ್ದೆ, ನಲವತ್ತೇಳಕ್ಕೆ ಬರೆಯಲಿಲ್ಲ. ಬರೆದಿದ್ದರೆ ಬಾಟಲಿಯ ಮೋಸ ಅಂದೇ ಗೊತ್ತಾಗಿ, ಆ ಬೋರು ಅಲ್ಲಿ ಬೀಳುತ್ತಿರಲಿಲ್ಲ, ನಿನಗೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಅಂಕಿಯ ಬಾಜುವಿಗೆ ತಾರೀಖು ಬರೆಯಬೇಕಾಗುತ್ತಿತ್ತು. ಮುಳ್ಳು ನಾನೂರ ಹತ್ತಕ್ಕೆ ನಿಂತಾಗ ನಾನು ಕುಣಿದದ್ದು ಸೀ ನೀರು ಸಿಕ್ಕಿತೆಂದಲ್ಲ. ಒಂಬತ್ತು ವರ್ಷದ ಹಿಂದೆ ಹೇಳಿದ ಸುಳ್ಳು ತಾನಾಗಿ ಖರೆಯಾಯಿತಲ್ಲ ಎಂದು.

ನಿನ್ನೆ ಅದನ್ನು ಪಟ್ಟಿಯಲ್ಲಿ ಬರೆದೆ. ಬಾವಿ 47, ತಾರೀಖು 11-2-1969, ಉಪ್ಪು 4,100, ಸೇದಿದವರು ಮಡಿವಾಳೆಪ್ಪ. ನಿನ್ನ ಲಗ್ನ ಆದದ್ದು ಆ ವರ್ಷದ ಮೇ ಒಂಬತ್ತಕ್ಕೆ. ಗೊತ್ತಿದ್ದೇ ಕೊಟ್ಟೆ ತಂಗಿ.